ತುದಿಗಲ್ಲಿನ ಬೆಂಕಿ

ಪತ್ರಿಕೆಗೆ ಸುತ್ತಿದ ಕಾಗದದ ಪಟ್ಟಿಯನ್ನು ಹರಿಯುವ ಹಕ್ಕು ಆ ಮನೆಯಲ್ಲಿ ಕುರುಡ ತಿಯೋಫಿಲನಿಗೆ ಮಾತ್ರ ಇತ್ತು. ಹಿಮದ ಮೇಲೆ ಓಡುವ ಅಂಚೆಯ ಜಾರುಬಂಡಿ ಅದನ್ನು ಕೆಬೆಕ್ ಪಟ್ಟಣದಿಂದ ಶನಿವಾರವೇ ತಂದು ಹಾಕಿದರೂ, ಭಾನುವಾರ ಸಂಜೆಪ್ರಾರ್ಥನೆ ಮುಗಿದು, ಊರಿನವರು ಬಂದು ಬೂಟಿನ ಹಿಮ ಕೊಡವಿ, ಒಲೆಯ ಸುತ್ತ ಕೂತು ಪೈಪು ಹೊತ್ತಿಸುವ ತನಕ ಅದನ್ನು ಯಾರೂ ಬಿಚ್ಚುವಂತಿರಲಿಲ್ಲ. ಒಬ್ಬರು ಮೊದಲೇ ಓದಿಬಿಟ್ಟರೆ ಧಾರಾವಾಹಿಯ ರುಚಿಯೇ ಹೋಗುತ್ತದೆಂದು ವಿಧವೆ ಸೆಜಾರಿ ಮಾಡಿದ ಕಟ್ಟಳೆ ಅದು. ಕಣ್ಣಿಲ್ಲದವನ ಕೈಯಲ್ಲಿದ್ದರೆ ಕದ್ದು ಓದುವ ಭಯವಿಲ್ಲ ಎಂದು ಅವಳು ಮುಖದ ಮೇಲೇ ಹೇಳಿದ್ದಳು. ತಿಯೋಫಿಲ್ ನಕ್ಕು ಒಪ್ಪಿದ್ದ.

ಶನಿವಾರ ಮಧ್ಯಾಹ್ನದಿಂದ ಆ ಸುರುಳಿ ಗಡಿಯಾರದ ಗೂಡಿನಲ್ಲಿ ಬಿದ್ದುಕೊಂಡಿತ್ತು. ತಿಯೋಫಿಲನ ಮಗಳು ಅಜೆಲಿ ಅದರ ಮುಂದೆ ಎಷ್ಟು ಸಲ ಹಾದುಹೋದಳೋ. ಬಟಾಣಿಯ ಸಾರು ತಳ ಹಿಡಿಯಿತು. ಅಪ್ಪ ಮೂಗರಳಿಸಿ, ಇವತ್ತು ತಪಸ್ಸುಕಾಲದ ಉಪವಾಸದ ಕಷ್ಟ ಸಾಲದೆಂದು ಸೀದ ಸಾರು ಬೇರೆಯೋ ಎಂದು ಕೇಳಿದ. ಅವಳು ಪಾತ್ರೆ ಇಳಿಸಿದಳು.

ಆ ಸುರುಳಿಯೊಳಗೆ ಅವಳೇ ಬರೆದ ಕತೆ ಇತ್ತು. ಹೋದ ಶರತ್ಕಾಲದಿಂದ ಲಾನ್ಸ್-ಗ್ರೀಸ್ ಊರನ್ನು ವಾರವಾರವೂ ಒಲೆಯ ಸುತ್ತ ಕೂರಿಸುತ್ತಿದ್ದ ‘ಜೆರ್ವೆ ಲಗ್ರೇವ್’ ಎಂಬ ಲೇಖಕ ಪಟ್ಟಣದ ವಕೀಲನಿರಬೇಕೆಂದು ಕೆಲವರು, ಮಠ ಬಿಟ್ಟು ಬಂದ ಪಾದ್ರಿಯಿರಬೇಕೆಂದು ಕೆಲವರು ಹೇಳುತ್ತಿದ್ದರು. ಗಡ್ಡ ಉಂಟೋ ಇಲ್ಲವೋ ಎಂಬ ಚರ್ಚೆಯೂ ಒಂದು ಸಂಜೆ ನಡೆದಿತ್ತು. ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ, ಕೇಳಿದ್ದಕ್ಕಷ್ಟೇ ಉತ್ತರಿಸುವ, ಇಪ್ಪತ್ತೆಂಟಾದರೂ ಮದುವೆಯಾಗದ ಅಜೆಲಿ ತಿವಿಯೇರ್ಜ್ ಆ ಲಗ್ರೇವ್ ಎಂದು ಯಾರಿಗೂ ಹೊಳೆದಿರಲಿಲ್ಲ. ತಾನು ಬರೆದದ್ದನ್ನು ತಾನೇ, ಬೇರೆಯವರದೆಂಬಂತೆ, ಗಟ್ಟಿಯಾಗಿ ಓದುವುದು ಅವಳಿಗೆ ಮೊದಮೊದಲು ನಡುಕ ತಂದಿತ್ತು. ಆಮೇಲೆ ಅದೇ ಸುಖವಾಯಿತು. ನಗಬೇಕಾದಲ್ಲಿ ಸೆಜಾರಿ ನಕ್ಕರೆ ಅಜೆಲಿ ತಲೆ ತಗ್ಗಿಸಿ ಒಳಗೇ ನಗುತ್ತಿದ್ದಳು.

ಗುಟ್ಟು ಹೊರಬಿದ್ದರೆ ಏನಾಗುತ್ತದೆಂಬುದೂ ಅವಳಿಗೆ ಗೊತ್ತಿತ್ತು. ಕಾದಂಬರಿ ಓದುವುದನ್ನು ಪಾದ್ರಿಗಳು ಹೇಗೋ ಸಹಿಸಿಕೊಂಡಿದ್ದರು. ಬರೆಯುವ ಹೆಂಗಸಿಗೆ ಮಾತ್ರ ಈಸ್ಟರಿನ ಪಾಸ್ಖ ಹಬ್ಬದಲ್ಲಿ ಪ್ರಸಾದವಿಲ್ಲವೆಂದು ಕ್ರಿಸ್ಮಸ್ಸಿಗೆ ಮೊದಲೇ ಪೀಠದಿಂದ ಸಾರಿದ್ದರು. ಪ್ರಸಾದ ಸಿಗದವಳಿಗೆ ಶಾಲೆಯಿಲ್ಲ. ಶಾಲೆಯಿಲ್ಲದಿದ್ದರೆ ಆ ಮನೆಗೆ ಏನೂ ಇಲ್ಲ.

ಆದರೆ ಈ ವಾರದ ಭಯ ಬೇರೆ. ಈ ಕಂತನ್ನು ಅವಳು ಸಿಟ್ಟಿನಲ್ಲಿ ಬರೆದಿದ್ದಳು.

ಅವಳ ಅಪ್ಪ ಒಂದು ಕಾಲದಲ್ಲಿ ಸೇಂಟ್ ಲಾರೆನ್ಸ್ ನದಿಯ ಚುಕ್ಕಾಣಿಗ. ಬಂಡೆಗಳ ನಡುವೆ ಪರದೇಶದ ಹಡಗುಗಳಿಗೆ ದಾರಿ ತೋರಿಸುವ ಕೆಲಸ. ಇಪ್ಪತ್ತು ವರ್ಷದ ಹಿಂದೆ, ಊರು ಬೆಂಕಿ ಹಾಕಿ ಕುಣಿಯುವ ಸಂತ ಯೊವಾನ್ನರ ಹಬ್ಬದ ಹಿಂದಿನ ರಾತ್ರಿ, ಮರ ತುಂಬಿದ ಇಂಗ್ಲಿಷ್ ಹಡಗೊಂದು ಅವನ ಕೈಯಲ್ಲಿರುವಾಗ ಹಂದಿಬಂಡೆಯೆಂಬ ಕಲ್ಲಿಗೆ ಬಡಿದು ಒಡೆದುಹೋಯಿತು. ಸತ್ತವರು ನಮ್ಮ ಮತದವರಲ್ಲವೆಂದು ಸ್ಮಶಾನದ ಬೇಲಿಯ ಹೊರಗೆ ಹೂಳಿದರು. ವಿಚಾರಣೆಯಲ್ಲಿ ತಿಯೋಫಿಲ್ ತುಟಿ ಬಿಚ್ಚಲಿಲ್ಲ. ಹಬ್ಬದ ದಿನ, ಕುಡಿದಿರಬೇಕು ಎಂದು ಊರು ತೀರ್ಮಾನಿಸಿತು. ಕೆಲಸದ ಸನ್ನದು ಹೋಯಿತು, ಕೆಲವು ವರ್ಷದ ಮೇಲೆ ಕಣ್ಣೂ ಹೋಯಿತು. ಊರು ಅವನನ್ನು ಕ್ಷಮಿಸಿ, ಪ್ರೀತಿಯಿಂದಲೇ, ಗಂಟಲು ಒದ್ದೆ ಮಾಡಿಕೊಂಡವನೆಂಬ ಅರ್ಥದಲ್ಲಿ ‘ಒದ್ದೆ ಚುಕ್ಕಾಣಿ’ ಎಂದು ಕರೆಯತೊಡಗಿತು. ಕರೆದರೆ ಅವನು ಓಗೊಡುತ್ತಿದ್ದ.

ಈ ಚಳಿಗಾಲದಲ್ಲೇ ಒಂದು ದಿನ ಅಜೆಲಿಯ ಶಾಲೆಯ ಹುಡುಗಿಯೊಬ್ಬಳು ಅದೇ ಹೆಸರನ್ನು ಹಲಗೆಯ ಮೇಲೆ ಬರೆದು, ಅಕ್ಷರ ಸರಿಯಿದೆಯಾ ಟೀಚರ್ ಎಂದು ತೋರಿಸಿದ್ದಳು. ಆ ಸಂಜೆ ಅಟ್ಟ ಹತ್ತಿ ಅವಳು ಬರೆದದ್ದೇ ಈ ಕಂತು. ತಾನು ಮಗುವಾಗಿದ್ದಾಗ ಆ ಹಬ್ಬದ ರಾತ್ರಿ ಕಂಡದ್ದನ್ನೆಲ್ಲ ಅದರಲ್ಲಿ ಹಾಕಿದ್ದಳು. ಕಳಿಸಿದ ಮೇಲೆ ಹೆದರಿ, ಆ ಭಾಗ ತೆಗೆದುಬಿಡಿ ಎಂದು ಸಂಪಾದಕರಿಗೆ ಬರೆದಳು. ಉತ್ತರ ಬರಲಿಲ್ಲ. ತೆಗೆದರೋ ಬಿಟ್ಟರೋ ಎಂಬುದು ಆ ಸುರುಳಿಯೊಳಗಿತ್ತು.

ಭಾನುವಾರ ಎಲ್ಲರೂ ಬಂದರು. ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸವಿಲ್ಲ, ಪಿಟೀಲಿಲ್ಲ, ಕುಣಿತವಿಲ್ಲ, ಕತೆಯೊಂದೇ ಗತಿ. ಸೆಜಾರಿ ಎಂದಿನಂತೆ ಒಲೆಗೆ ಅಂಟಿಕೊಂಡು ಕೂತು, ಮುದುಕಿಯ ಮೂಳೆಗೆ ಮೊದಲ ಜಾಗ ಎಂದಳು. ಇಗರ್ಜಿಯ ಆಡಳಿತ ನೋಡುವ ಗುರಿಕಾರ ನಾರ್ಸಿಸ್ ಬೊಲ್ದುಕ್ ತೋಳುಕುರ್ಚಿ ಹಿಡಿದ. ಶಾಲೆಯ ಯಜಮಾನಿಕೆಯೂ ಅವನದೇ. ಅಜೆಲಿಯ ಕೆಲಸ ಅವನ ಒಂದು ಮಾತಿನ ಮೇಲೆ ನಿಂತಿತ್ತು. ಅವನ ಪಕ್ಕದಲ್ಲಿ ಸೊಸೆ ಎಮೆರಾಂಸ್, ದೂರದ ಊರಿನಿಂದ ಮದುವೆಯಾಗಿ ಬಂದವಳು, ಕನ್ಯಾಮಠದಲ್ಲಿ ಓದಿದವಳು. ಉಳಿದವರು ಬೆಂಚಿನ ಮೇಲೆ, ಮೆಟ್ಟಿಲ ಮೇಲೆ.

ತಿಯೋಫಿಲ್ ಪಟ್ಟಿಯ ಕೆಳಗೆ ಹೆಬ್ಬೆರಳು ತೂರಿಸಿ ಮೆಲ್ಲಗೆ ಹರಿದ. ಹರಿದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಪತ್ರಿಕೆಯನ್ನು ಮಗಳತ್ತ ಚಾಚಿದ.

ಮೊದಲ ಪುಟದ ಕೆಳಭಾಗದಲ್ಲಿ ಎಂದಿನಂತೆ ಧಾರಾವಾಹಿ. ಅಜೆಲಿಯ ಕಣ್ಣು ಸಾಲುಗಳ ಮೇಲೆ ಓಡಿ ಪುಟದ ಕೊನೆಗೆ ಬಂತು. ‘ಆ ವರ್ಷ ಹಬ್ಬದ ಬೆಂಕಿಯನ್ನು’ ಎಂಬಲ್ಲಿ ಪುಟ ಮುಗಿದಿತ್ತು.

ತೆಗೆದಿರಲಿಲ್ಲ.

ಅವಳು ಓದತೊಡಗಿದಳು. ಹಡಗು ಬಂದರು ಬಿಟ್ಟದ್ದು, ಚುಕ್ಕಾಣಿಗ ಗಾಳಿಯ ವಾಸನೆ ನೋಡಿದ್ದು, ಕಪ್ತಾನನ ಬೈಗುಳ. ಪುಟದ ಕೊನೆಯ ಸಾಲು ಹತ್ತಿರವಾಯಿತು. ಆ ಸಾಲನ್ನು ಹಾರಿಸಿ, ಕಣ್ಣನ್ನು ಅಲ್ಲೇ ನೆಟ್ಟುಕೊಂಡು, ಇಲ್ಲದ್ದನ್ನು ಓದತೊಡಗಿದಳು. ಗಾಳಿ ನಿಂತಿತಂತೆ, ಹಡಗು ಲಂಗರು ಹಾಕಿತಂತೆ, ಚುಕ್ಕಾಣಿಗನಿಗೆ ಪಟ್ಟಣದಲ್ಲಿ ಬಿಟ್ಟುಬಂದ ಹುಡುಗಿಯ ನೆನಪಾಯಿತಂತೆ. ಬಾಯಿಗೆ ಬಂದ ಹುಡುಗಿಗೆ ಬಾಯಿಗೆ ಬಂದ ಕೂದಲು, ಬಾಯಿಗೆ ಬಂದ ರವಿಕೆ. ಕೊನೆಗೂ ಹುಡುಗಿಯನ್ನು ಕಿಟಕಿಯ ಬಳಿ ನಿಲ್ಲಿಸಿ, ಮುಂದುವರಿಯುವುದು ಎಂದು ಹೇಳಿ ಪತ್ರಿಕೆ ಮಡಿಚಿದಳು.

ಸೆಜಾರಿ ಮೂಗು ಒರೆಸಿಕೊಂಡಳು.

“ಏನಮ್ಮ ಇದು. ಈ ವಾರ ಲಗ್ರೇವ್ ಮಾಂಸ ಬಿಟ್ಟಿದ್ದಾನೆ ಅನ್ಸುತ್ತೆ. ಕತೆಗೆ ಕಸುವೇ ಇಲ್ಲ.”

ನಗು ಎದ್ದಿತು. ಅಜೆಲಿ ಪತ್ರಿಕೆಯನ್ನು ಮತ್ತೊಂದು ಮಡಿಕೆ ಮಡಿಚಿ ಏಪ್ರನ್ನಿನ ಜೇಬಿಗೆ ತುರುಕುವಷ್ಟರಲ್ಲಿ ಅಪ್ಪ ತಮಾಷೆಯ ದನಿಯಲ್ಲೇ ಅಂದ, “ಕಸುವು ಹ್ಯಾಗಿರುತ್ತೆ. ಅರ್ಧ ಊಟ ಬಡಿಸಿದಾರೆ. ಹಾಳೆ ಮಗುಚಿದ್ದು ನಂಗೆ ಕೇಳ್ಸಲೇ ಇಲ್ಲ.”

ಕುರುಡನ ಕಿವಿಯ ಬಗ್ಗೆ ಎಲ್ಲರಿಗೂ ಹೆಮ್ಮೆ. ಹೌದಲ್ಲ ಎಂದು ಯಾರೋ ಅಂದರು. ಪ್ರತಿ ವಾರ ಒಂದು ಸಲವಾದರೂ ಹಾಳೆ ತಿರುಗುತ್ತದಲ್ಲ ಎಂದು ಇನ್ನೊಬ್ಬರು. ಗಂಟಲು ಕಟ್ಟಿದೆ, ಸಾಕು, ಉಳಿದದ್ದು ಮುಂದಿನ ವಾರ ಎಂದಳು ಅಜೆಲಿ. ಹಾಗೆ ಹೇಳಿದ್ದೇ ತಪ್ಪಾಯಿತು. ಉಳಿದದ್ದಿದೆ ಎಂದು ಒಪ್ಪಿದಂತಾಯಿತು.

“ಗಂಟಲು ಕಟ್ಟಿದ್ರೆ ನಮ್ಮ ಸೊಸೆ ಓದ್ತಾಳೆ,” ಎಂದ ಬೊಲ್ದುಕ್. “ಮಠದಲ್ಲಿ ಸುಮ್ನೆ ಕಲಿತಳಾ? ಕೊಡು ತಾಯಿ.”

ಕೈ ಚಾಚಿದ್ದ. ಕೊಡದಿರಲು ಕಾರಣ ಬೇಕಿತ್ತು. ಅಜೆಲಿಗೆ ಒಂದೂ ತೋಚಲಿಲ್ಲ. ಮನೆ ತುಂಬ ಜನ ಅವಳನ್ನೇ ನೋಡುತ್ತಿದ್ದರು. ಅಪ್ಪನ ಮುಖದಲ್ಲಿ ನಗು ಮೆಲ್ಲಗೆ ಆರಿತು. ಮಗಳು ಸುಮ್ಮನಿರುವ ಬಗೆ ಅವನಿಗೆ ಏನೋ ಹೇಳಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಎಮೆರಾಂಸ್ ಎದ್ದು ಬಂದು, ಕೊಡಿ ಟೀಚರ್, ನಂಗೂ ಒಂದ್ಸಲ ಆಸೆ ಎಂದು ಪತ್ರಿಕೆ ತೆಗೆದುಕೊಂಡಾಗಿತ್ತು.

ಎಮೆರಾಂಸ್ ನೆಟ್ಟಗೆ ನಿಂತು, ಪುಟದ ಕೊನೆಯ ಸಾಲು ಹಿಡಿದು ಹಾಳೆ ಮಗುಚಿ, ಜಪ ಹೇಳುವ ದನಿಯಲ್ಲಿ ಓದಿದಳು. ಹಡಗು ಒಡೆದಾಗ ಅವಳಿನ್ನೂ ಬೇರೆ ಊರಿನಲ್ಲಿ ತೊಟ್ಟಿಲಲ್ಲಿದ್ದಳು. ಏನು ಓದುತ್ತಿದ್ದೇನೆಂದು ಅವಳಿಗೆ ತಿಳಿದಿರಲಿಲ್ಲ.

“ಆ ವರ್ಷ ಹಬ್ಬದ ಬೆಂಕಿಯನ್ನು ಇಗರ್ಜಿಯ ಮುಂದೆ ಹಾಕಲಿಲ್ಲ. ಹೊಸ ಸೂರಿಗೆಂದು ತಂದ ಸೀಡರ್ ಹಲಗೆಗಳ ರಾಶಿ ಅಲ್ಲಿತ್ತು. ಕಿಡಿ ಹಾರಿದರೆ ಕಷ್ಟ. ಊರಿನ ಹಿರಿಯರು ಸೌದೆಯನ್ನು ನದಿಯೊಳಕ್ಕೆ ಚಾಚಿದ ಬಂಡೆಯ ತುದಿಗೆ ಹೊರಿಸಿದರು. ಪಾದ್ರಿಗಳು ಬೆಂಕಿಯನ್ನು ಹರಸಿದರು. ನದಿಯ ಮೇಲಿದ್ದವರಿಗೆ ಇದನ್ನು ತಿಳಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ದ್ವೀಪದ ದೀಪಸ್ತಂಭವನ್ನು ಮಂಜು ನುಂಗಿತ್ತು. ಮಂಜಿನ ಈಚೆ, ಕೆಳಗೆ, ಒಂದು ಬೆಳಕು ನಿಶ್ಚಲವಾಗಿ ಉರಿಯುತ್ತಿತ್ತು. ಚುಕ್ಕಾಣಿಗ ಅದನ್ನು ದೀಪಸ್ತಂಭವೆಂದು ನಂಬಿದ. ದಡದಲ್ಲಿ ಕೈ ಕೈ ಹಿಡಿದು ಹಾಡುತ್ತಿದ್ದವರಿಗೆ ಹಡಗು ಬಂಡೆಗೆ ಬಡಿದ ಸದ್ದು ಕೇಳಿಸಲಿಲ್ಲ.”

ಎಮೆರಾಂಸ್ ಮುಂದೆ ಓದಲು ಉಸಿರೆಳೆದುಕೊಂಡು ತಲೆಯೆತ್ತಿದವಳು ಹಾಗೇ ನಿಂತಳು. ಸೆಜಾರಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಬೆಂಚಿನ ಮೇಲಿದ್ದವರಲ್ಲಿ ವಯಸ್ಸಾದವರೆಲ್ಲ ನೆಲ ನೋಡುತ್ತಿದ್ದರು. ಆ ರಾತ್ರಿ ಅವರೆಲ್ಲ ಅದೇ ಬಂಡೆಯ ತುದಿಯಲ್ಲಿ, ತುದಿಗಲ್ಲಿನ ಮೇಲೆ, ಕುಣಿದವರು. ಬೊಲ್ದುಕನ ಪೈಪು ಆರಿಹೋಗಿತ್ತು. ಬೆಂಕಿಯನ್ನು ಅಲ್ಲಿಗೆ ಸಾಗಿಸಿ ಎಂದವನು ಅವನು. ಆಗಷ್ಟೇ ಗುರಿಕಾರನಾಗಿ, ಹೊಸ ಹಲಗೆಗಳ ಜವಾಬ್ದಾರಿ ಹೊತ್ತಿದ್ದ.

“ಯಾರು ಬರೆದದ್ದು ಇದನ್ನ?” ಎಂದು ಅವನು ಕೇಳಿದ.

ಪಟ್ಟಣದ ವಕೀಲ ಅಂತಾರಪ್ಪ ಎಂದು ಮೆಟ್ಟಿಲ ಮೇಲಿಂದ ಯಾರೋ ತಡವರಿಸಿದರು.

“ಹಲಗೆ ರಾಶಿ ಎಲ್ಲಿತ್ತು ಅಂತ ಪಟ್ಟಣದ ವಕೀಲಂಗೆ ಏನು ಗೊತ್ತು? ಸೀಡರ್ ಅಂತ ಏನು ಗೊತ್ತು? ಇದು ನಮ್ಮವರೇ. ಆವತ್ತು ಅಲ್ಲಿದ್ದವರೇ.” ಅವನ ದನಿ ಏರಲಿಲ್ಲ. “ನಾಳೆ ಬೆಳಿಗ್ಗೆ ಪಾದ್ರಿಗಳ ಹತ್ರ ಹೋಗ್ತೀನಿ. ಹೆಸರು ತಗೊಂಡೇ ಹೋಗ್ಬೇಕು. ಊರಿಗೆ ಊರನ್ನೇ ಕೊಲೆಗಡುಕರು ಅಂದವನು ನಮ್ಮ ಜೊತೆ ಪಾಸ್ಖದ ಪ್ರಸಾದ ತಗೊಳ್ಳೋ ಹಾಗಿಲ್ಲ.”

ಹಲಗೆಯ ರಾಶಿ. ಅದೊಂದನ್ನು ಬದಲಿಸಿದ್ದರೆ ಸಾಕಿತ್ತು. ಕಲ್ಲು ಎನ್ನಬಹುದಿತ್ತು, ಸುಣ್ಣ ಎನ್ನಬಹುದಿತ್ತು. ಆದರೆ ಆ ಹಲಗೆಗಳ ವಾಸನೆ ಅಜೆಲಿಗೆ ಇನ್ನೂ ನೆನಪಿತ್ತು. ಬರೆಯುವಾಗ ಬೇರೆ ಮರ ಕೈಗೆ ಬಂದೇ ಇರಲಿಲ್ಲ. ಬೊಲ್ದುಕನ ನೋಟ ಬೆಂಚಿನ ಮೇಲೆ ಒಬ್ಬೊಬ್ಬರ ಮುಖವನ್ನೂ ದಾಟಿ ಬರುತ್ತಿತ್ತು. ಊರಿನಲ್ಲಿ ಬರೆಯಲು ಬಲ್ಲವರು ಎಷ್ಟು ಜನ? ಅವನು ಅದನ್ನು ಯೋಚಿಸುವುದಷ್ಟೇ ಬಾಕಿ.

“ನಾನು,” ಎಂದ ತಿಯೋಫಿಲ್.

ಎಲ್ಲರೂ ತಿರುಗಿದರು. ಅವನು ಹರಿದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದ.

“ನೀನಾ? ನಿಂಗೆ ಕಣ್ಣೆಲ್ಲಿದೆ?”

“ಬಾಯಿದೆಯಲ್ಲ ನಾರ್ಸಿಸ್. ನಾನು ಹೇಳ್ದೆ, ಮಗಳು ಬರೆದ್ಲು. ಅಪ್ಪ ಹೇಳಿದ ಮೇಲೆ ಅವಳೇನು ಮಾಡ್ತಾಳೆ. ಈ ವಾರದ್ದು ಓದೋಕೆ ಹೆದರಿದ್ಲು ಪಾಪ. ನೋಡಿದ್ರಲ್ಲ.”

ಅಜೆಲಿ ಅಪ್ಪನ ಮುಖ ನೋಡಿದಳು. ಅಪ್ಪನಿಗೆ ಗೊತ್ತಿತ್ತು. ಅಟ್ಟದ ಮೇಲೆ ಲೇಖನಿ ಕೆರೆಯುವ ಸದ್ದನ್ನು ಕೇಳಿಸಿಕೊಂಡು ಕೆಳಗೆ ಸುಮ್ಮನೆ ಕೂತಿರುತ್ತಿದ್ದ. ಹಾಳೆ ಮಗುಚದಿದ್ದುದು ತಿಳಿದವನಿಗೆ ಅದು ಕೇಳಿಸದೆ ಇರುತ್ತದೆಯೇ?

ಎಲ್ಲರೂ ನಂಬಿದರು. ನಂಬುವುದು ಸುಲಭವಾಗಿತ್ತು: ಮುದುಕ ಕತೆ ಕಟ್ಟಿದ, ಮಗಳು ಕೈ ಆಡಿಸಿದಳು. ಯಾರದೋ ಎದೆಯ ಭಾರ ಇಳಿದಂತೆ ಬೆಂಚು ಕಿರ್ರೆಂದಿತು. ಬೊಲ್ದುಕನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷ ಈ ಊರು ನಿನ್ನನ್ನು ಒಂದು ಮಾತು ಆಡಿಕೊಳ್ಳಲಿಲ್ಲ, ಭಾನುವಾರ ಭಾನುವಾರ ನಿನ್ನ ಒಲೆಯ ಮುಂದೆ ಬಂದು ಕೂತೆವು, ಕುಡಿದಿದ್ದೆ ಎಂದು ಒಂದೇ ಒಂದು ದಿನ ಒಪ್ಪಿಕೊಳ್ಳಲಾರದೆ ಈಗ ತಪ್ಪನ್ನು ಸಂತರ ಬೆಂಕಿಯ ಮೇಲೆ ಹಾಕುತ್ತೀಯಲ್ಲ ಎಂದ. ತಿಯೋಫಿಲ್ ತಲೆಯಾಡಿಸುತ್ತಾ ಕೇಳಿಸಿಕೊಂಡ. ವಿಚಾರಣೆಯ ದಿನವೂ ಅವನು ಹೀಗೇ ಕೂತಿದ್ದನೆಂದು ಸೆಜಾರಿ ಆಮೇಲೆ ಹೇಳುತ್ತಿದ್ದಳು.

“ಬೆಂಕಿ ಯಾವುದು, ದೀಪ ಯಾವುದು ಅಂತ ಗೊತ್ತಿರಬೇಕಾದವನು ನಾನೇ,” ಎಂದ ಅವನು. “ಅದಕ್ಕೆ ಬೇರೆಯವರು ಉತ್ತರ ಕೊಡೋ ಹಾಗಿಲ್ಲ.”

“ಮತ್ತೆ ಯಾಕೆ ಬರೆಸ್ದೆ?”

ತಿಯೋಫಿಲ್ ಬೆರಳಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದ. ಬೊಲ್ದುಕ್ ಅದನ್ನು ಗಮನಿಸಿದ. ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದು ಅನ್ನಿಸಿದವನಂತೆ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದ.

“ಸರಿ. ನೀನೇ ತಾನೆ ಕಟ್ಟಿದ್ದು. ಹಾಗಾದ್ರೆ ಮುಂದಿನ ವಾರ ಏನಾಗುತ್ತೆ, ಹೇಳು.”

ಒಲೆಯಲ್ಲಿ ಕೊರಡೊಂದು ಜಾರಿತು. ತಿಯೋಫಿಲ್ ಗಂಟಲು ಸರಿಮಾಡಿಕೊಂಡ. ಚುಕ್ಕಾಣಿಗ ಮನೆಗೆ ಬರುತ್ತಾನೆ ಎಂದ. ಬಂದು? ಬಂದು, ಹೆಂಡತಿಗೆ ಹೇಳುತ್ತಾನೆ. ಏನು ಹೇಳುತ್ತಾನೆ? ಹಡಗು ಹೋಯಿತು ಎಂದು. ಆಮೇಲೆ? ತಿಯೋಫಿಲ್ ಗಾಳಿಯಲ್ಲಿ ಕೈಯಾಡಿಸಿದ. ಕತ್ತಲಲ್ಲಿ ಬಾಗಿಲು ಹುಡುಕುವವನ ಹಾಗೆ. ಮೆಟ್ಟಿಲ ಮೇಲಿಂದ ಯಾರೋ ಕಿಸಕ್ಕೆಂದರು. ಒದ್ದೆ ಚುಕ್ಕಾಣಿಗೆ ದಾರಿ ತಪ್ಪಿತು ಎಂದು ಪಿಸುಗುಟ್ಟಿದರು.

ಅಜೆಲಿಗೆ ಆ ಮಾತು ಕೇಳಿಸಿತು. ಸುಮ್ಮನಿದ್ದರೆ ಎಲ್ಲ ಉಳಿಯುತ್ತಿತ್ತು. ಅಪ್ಪ ಸುಳ್ಳುಗಾರನೂ ಕುಡುಕನೂ ಆಗುತ್ತಿದ್ದ. ಅವಳಿಗೆ ಶಾಲೆಯ ಬೀಗದ ಕೈ, ಅಟ್ಟ, ಲೇಖನಿ ಎಲ್ಲವೂ ಉಳಿಯುತ್ತಿದ್ದವು. ಅವನು ಬಯಸಿದ್ದೂ ಅದನ್ನೇ. ಅವಳು ಎಮೆರಾಂಸಳ ಕೈಯಿಂದ ಪತ್ರಿಕೆ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಎರಡೂ ಕೈ ಬರಿದಾದ ಮೇಲೆ ಅವುಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

“ಮುಂದಿನ ವಾರ ಅವನು ಮನೆಗೆ ಬರಲ್ಲ,” ಎಂದಳು. “ದಡಕ್ಕೆ ಬರ್ತಾನೆ.”

ಅವಳ ದನಿ ಸಣ್ಣದು. ಕೇಳಿಸಿಕೊಳ್ಳಲು ಜನ ಕತ್ತು ಚಾಚಬೇಕಾಯಿತು. ಬೇಡ ಮಗಳೇ ಎಂದ ತಿಯೋಫಿಲ್. ಅವಳು ನಿಲ್ಲಿಸಲಿಲ್ಲ.

ಬೆಳಕು ಹರಿಯುವ ಹೊತ್ತು. ದೋಣಿಯ ಹಲಗೆಯೊಂದನ್ನು ಹಿಡಿದು ಚುಕ್ಕಾಣಿಗ ಬಂಡೆಯ ತುದಿಗೆ ಬಂದು ಬೀಳುತ್ತಾನೆ. ಕುಣಿದವರು ಮನೆಗೆ ಹೋಗಿಯಾಗಿದೆ. ಕೆಲವರು ಹುಲ್ಲಿನ ಮೇಲೆ ನಿದ್ದೆ ಹೋಗಿದ್ದಾರೆ. ಬೆಂಕಿ ಇನ್ನೂ ಕೆಂಪಗಿದೆ. ಅವನು ನಿಂತು ಅದನ್ನು ನೋಡುತ್ತಾನೆ. ತಿರುಗಿ ನದಿಯನ್ನು ನೋಡುತ್ತಾನೆ. ಮತ್ತೆ ಬೆಂಕಿಯನ್ನು. ಆಮೇಲೆ, ಯಾರನ್ನೂ ಎಬ್ಬಿಸುವ ಮೊದಲು, ಹಡಗು ಹೋಯಿತೆಂದು ಕೂಗುವ ಮೊದಲು, ತನ್ನ ಒದ್ದೆ ಬೂಟುಗಳಿಂದ ಆ ಕೆಂಡವನ್ನು ತುಳಿಯುತ್ತಾನೆ. ಟೊಪ್ಪಿಯಲ್ಲಿ ನದಿಯ ನೀರು ತುಂಬಿ ತಂದು ಸುರಿಯುತ್ತಾನೆ. ಮರಳು ಎಳೆದು ಮುಚ್ಚುತ್ತಾನೆ. ನೀರಿನ ಮೇಲಿಂದ ಅದು ಹೇಗೆ ಕಾಣುತ್ತಿತ್ತೆಂದು ಊರಿನಲ್ಲಿ ಯಾರಿಗೂ ಎಂದೂ ಹೊಳೆಯಬಾರದು ಎಂದು. ತಾಯಿಯ ಶಾಲಿನೊಳಗೆ ಮಲಗಿದ್ದ ಒಂದು ಹುಡುಗಿ ಮಾತ್ರ ಕಣ್ಣು ಬಿಟ್ಟಿರುತ್ತಾಳೆ. ಅಪ್ಪ ಏನೋ ಆಟ ಆಡುತ್ತಿದ್ದಾನೆ ಎಂದುಕೊಳ್ಳುತ್ತಾಳೆ.

ಹೇಳುತ್ತಾ ಹೇಳುತ್ತಾ ಅಜೆಲಿಗೆ ಜನ ಕಾಣಿಸದಾದರು. ಕೊನೆಗೆ ಕಂಡದ್ದು ಅಪ್ಪನ ಬೆರಳು. ಪಟ್ಟಿ ಸುತ್ತುವುದನ್ನು ಅದು ನಿಲ್ಲಿಸಿತ್ತು. ಇಪ್ಪತ್ತು ವರ್ಷ ಅವನು ಆ ಬೆಳಗನ್ನು ಯಾರ ಮುಂದೆಯೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಬೊಲ್ದುಕ್ ಎದ್ದ. ಅವನ ತೋಳುಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಎಮೆರಾಂಸ್ ಬೆಚ್ಚಿದಳು. ಟೊಪ್ಪಿ ಹಾಕಿಕೊಂಡು, ಯಾರನ್ನೂ ನೋಡದೆ ಬಾಗಿಲಿಗೆ ನಡೆದು ಚಿಲಕ ತೆಗೆದ. ಮಾರ್ಚಿನ ಗಾಳಿ ನದಿಯ ಮಂಜುಗಡ್ಡೆಯ ವಾಸನೆ ಹೊತ್ತು ಒಳಗೆ ನುಗ್ಗಿತು. ಅವನು ಹೊಸ್ತಿಲಲ್ಲೇ ನಿಂತಿದ್ದ, ಕೈ ಚಿಲಕದ ಮೇಲೆ, ಬೆನ್ನು ಎಲ್ಲರ ಕಡೆಗೆ. ನಾಳೆ ಶಾಲೆಯ ಬೀಗದ ಕೈ ಕೊಟ್ಟುಬರಬೇಕು ಎಂದು ಅಜೆಲಿ ಅಂದುಕೊಂಡಳು. ಅದು ಏಪ್ರನ್ನಿನ ಇನ್ನೊಂದು ಜೇಬಿನಲ್ಲೇ ಇತ್ತು.

“ಬಾಗ್ಲು ಹಾಕೋ ನಾರ್ಸಿಸ್,” ಎಂದಳು ಸೆಜಾರಿ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ಒಳಗಿನಿಂದಾದ್ರೂ ಹಾಕು, ಹೊರಗಿನಿಂದಾದ್ರೂ ಹಾಕು. ಹೆಣ್ಮಗಳು ಚಳೀಲಿ ನಿಂತಿದಾಳೆ.”

ಅವನು ಬೂಟಿನ ತುದಿಯಿಂದ ಹೊಸ್ತಿಲ ಹಿಮವನ್ನು ಕೆದಕಿದ.

“ಬೂದಿ ಒದ್ದೆಯಾಗಿತ್ತು,” ಎಂದ, ಹೊರಗಿನ ಹಿಮಕ್ಕೆ ಹೇಳುವಂತೆ. “ಆವತ್ತು ಬೆಳಿಗ್ಗೆ ಹೊಲಕ್ಕೆ ಅಂತ ಬೂದಿ ತುಂಬ್ಕೊಂಡು ಹೋಗೋಕೆ ನಾನೇ ಹೋಗಿದ್ದೆ. ಒದ್ದೆ ಮರಳು, ಒದ್ದೆ ಬೂದಿ. ಮಳೆ ಬಂದಿರ್ಲಿಲ್ಲ. ಯಾಕೆ ಒದ್ದೆ ಅಂತ ಆವತ್ತು ಕೇಳ್ಕೊಂಡೆ. ಆಮೇಲೆ ಕೇಳ್ಕೊಳ್ಳೋದನ್ನ ಬಿಟ್ಬಿಟ್ಟೆ.”

ಬಾಗಿಲು ಮುಚ್ಚಿತು. ಅವನು ಒಳಗೇ ಇದ್ದ. ಟೊಪ್ಪಿ ತೆಗೆಯಲಿಲ್ಲ, ಕುರ್ಚಿಗೆ ಮರಳಲಿಲ್ಲ; ಬಾಗಿಲಿಗೆ ಒರಗಿ ನಿಂತ. ಪಾದ್ರಿಗಳ ಬಳಿಗೆ ಹೋಗುವುದಿಲ್ಲವೆಂದು ಅವನು ಹೇಳಲಿಲ್ಲ.

ತಿಯೋಫಿಲ್ ಕೈ ಚಾಚಿ ಮಗಳ ಏಪ್ರನ್ನಿನ ಅಂಚನ್ನು ಹುಡುಕಿ ಹಿಡಿದುಕೊಂಡ.

“ಆ ಹುಡುಗಿ,” ಎಂದ. “ಕಣ್ಣು ಬಿಟ್ಟಿದ್ಲಲ್ಲ. ಅವಳದ್ದು ಹೇಳು.”

ಅಜೆಲಿ ಕೂತುಕೊಂಡಳು. ಮುಂದಿನದನ್ನು ಅವಳು ಇನ್ನೂ ಬರೆದಿರಲಿಲ್ಲ.